ಹೃದಯ ನಿಂತು ಸತ್ತವಳು

"ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ. ಕ್ರೆಸ್ಟೆನ್, ನಿನ್ನ ಎಡ ಅಲ್ಲ ಕಣೋ, ನನ್ನ ಎಡ."

ಎಸ್ಕಿಲ್ ಅಂಗಳದಲ್ಲಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಎರಡೂ ಕೈ ಆಡಿಸುತ್ತಿದ್ದ. ಮೂವತ್ತೆಂಟು ವರ್ಷ ಬಿರ್ಕೆ ದ್ವೀಪದ ಫೆರ್ರಿಯನ್ನು ದಕ್ಕೆಗೆ ಹಚ್ಚಿದವನು ಅವನು. ಹೆಂಡತಿಯ ಶವಪೆಟ್ಟಿಗೆಯನ್ನು ಮನೆಯಿಂದ ಹೊರಗೆ ತರುವಾಗಲೂ ಅದೇ ಸನ್ನೆ, ಅದೇ ದನಿ. ಆದರೆ ಪೆಟ್ಟಿಗೆ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನ ದಿನ ಖಾಲಿ ಪೆಟ್ಟಿಗೆಯನ್ನು ಓರೆ ಮಾಡಿ ಸಲೀಸಾಗಿ ಒಳಗೆ ತಂದಿದ್ದರು. ಈಗ ಒಳಗೆ ಥೋರಾ ಇದ್ದಳು, ಓರೆ ಮಾಡುವ ಹಾಗಿರಲಿಲ್ಲ.

ಹೊರುವವರು ಆರು ಜನ. ಮುಂದೆ ಮಗಳು ವಿಬೆಕೆ ಮತ್ತು ಮೊಮ್ಮಗಳು ಲೀವಾ. ಹಿಂದೆ ಫೆರ್ರಿಯ ಹಳೆಯ ಸಂಗಾತಿಗಳು ಮೂವರು ಮತ್ತು ಪಕ್ಕದ ಹೊಲದ ಕ್ರೆಸ್ಟೆನ್. ಕ್ರೆಸ್ಟೆನ್‌ಗೆ ಎಂಬತ್ತೊಂದು. ಹೊರಬೇಡ ಎಂದರೆ ಕೇಳಿರಲಿಲ್ಲ.

"ಬಾಗಿಲನ್ನೇ ಬಿಚ್ಚಿದ್ರೆ ಆಯ್ತಲ್ಲಾ ಅಜ್ಜ," ಎಂದಳು ಲೀವಾ.

ಪೆಟ್ಟಿಗೆಯನ್ನು ಮತ್ತೆ ಕುರ್ಚಿಗಳ ಮೇಲೆ ಇಳಿಸಿದರು. ಲೀವಾ ಬಾಗಿಲನ್ನು ಕೆಳಗಿನಿಂದ ಎತ್ತಿ ಕೀಲುಗಳಿಂದ ಬಿಡಿಸಿ ಗೋಡೆಗೆ ಒರಗಿಸಿದಳು. ಕ್ರೆಸ್ಟೆನ್ ಬೆನ್ನು ನೀವಿಕೊಳ್ಳುತ್ತ, "ಜೀವಮಾನವೆಲ್ಲ ಸೈಕಲ್ ಹತ್ತಿ ಹೊರಗೋಡೋಕೆ ಅವಸರ ಮಾಡ್ತಿದ್ದೋಳು, ಇವತ್ತು ನೋಡು, ಹೋಗಲ್ಲ ಅಂತ ಕೂತಿದ್ದಾಳೆ," ಎಂದ. ಎಲ್ಲರೂ ನಕ್ಕರು. ಎಸ್ಕಿಲ್ ಕೂಡ ನಕ್ಕ.

ಮನೆಯ ಮುಂದಿನ ದಾರಿಗೆ ಸ್ಪ್ರೂಸ್ ಮರದ ಹಸಿ ಚಿಗುರು ಕತ್ತರಿಸಿ ಹರಡಿದ್ದರು. ಊರಿನ ಬಾವುಟಗಳೆಲ್ಲ ಅರ್ಧಕ್ಕೆ ಇಳಿದಿದ್ದವು. ಚರ್ಚಿನವರೆಗೆ ನಡೆದು ಹೋಗುವಷ್ಟು ದೂರ. ಫೆರ್ರಿಯಲ್ಲಿ ಆಚೆ ದಡದಿಂದ ಬಂದವರು ಅಲ್ಲಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬಾಕೆ, ಥೋರಾ ಜೊತೆ ಅಂಚೆ ಕಚೇರಿಯಲ್ಲಿದ್ದವಳು, ವಿಬೆಕೆಯ ಹತ್ತಿರ ಬಂದು ತೋಳು ಮುಟ್ಟಿದಳು. ಏನೋ ಕೇಳಬೇಕು, ಕೇಳಲಾರಳು. ವಿಬೆಕೆಗೆ ಆ ಮುಖದ ಗುರುತಿತ್ತು. ನಾಲ್ಕು ದಿನದಲ್ಲಿ ಅದನ್ನು ಹತ್ತಾರು ಸಲ ನೋಡಿದ್ದಳು.

"ಹೃದಯ," ಎಂದಳು ತಾನಾಗಿಯೇ. "ಬೆಳಿಗ್ಗೆ ಕೂತು ರೂಬಾರ್ಬ್ ದಂಟು ಹೆಚ್ಚುತ್ತಿದ್ದಳಂತೆ. ಅಲ್ಲೇ."

ಆಕೆಯ ಉಸಿರು ಸಡಿಲಾಯಿತು. "ಹಾಗಾ," ಎಂದಳು. "ದೇವರು ದೊಡ್ಡವನು." ಮರುಕ್ಷಣವೇ ಅಂಥ ಮಾತು ಆಡಬಾರದಿತ್ತೇನೋ ಎಂಬಂತೆ ಬಾಯಿ ಮೇಲೆ ಕೈಯಿಟ್ಟುಕೊಂಡಳು.

\*

ಫೋನು ಬಂದಾಗ ವಿಬೆಕೆ ಓರ್ಹುಸ್ ನಗರದ ತನ್ನ ಶಾಲೆಯಲ್ಲಿ, ಶಿಕ್ಷಕರ ಕೋಣೆಯಲ್ಲಿ ಹೋಂವರ್ಕ್ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ಬೆಳಗಿನ ಹತ್ತು ಗಂಟೆ. ಅಪ್ಪ ಆ ಹೊತ್ತಿಗೆ ಯಾವತ್ತೂ ಫೋನು ಮಾಡಿದವನಲ್ಲ.

"ಅಮ್ಮ ಹೋದ್ಲು," ಎಂದ ಎಸ್ಕಿಲ್.

ಈ ಕರೆ ಬರುತ್ತದೆಂದು ಅವಳಿಗೆ ಏಳನೆಯ ವಯಸ್ಸಿನಿಂದ ಗೊತ್ತಿತ್ತು. ಶಾಲೆಯ ಬೆಂಚಿನ ಮೇಲೆ ಕೂತು ಕಾದಿದ್ದಳು, ಹೆರಿಗೆ ಆಸ್ಪತ್ರೆಯಲ್ಲಿ ಕಾದಿದ್ದಳು, ವಿಚ್ಛೇದನದ ವಕೀಲರ ಕಚೇರಿಯಲ್ಲೂ ಫೋನನ್ನು ತಿರುಗಿಸಿ ಇಡದೆ ಮುಖ ಮೇಲೆ ಮಾಡಿ ಇಟ್ಟಿದ್ದಳು. ಬಂದರೆ ಏನು ಕೇಳಬೇಕೆಂದೂ ಗೊತ್ತಿತ್ತು.

"ಹೇಗೆ?"

ಅಪ್ಪ ತಪ್ಪು ತಿಳಿಯಲಿಲ್ಲ. "ಹೃದಯ ಕಣಮ್ಮ. ಬರೀ ಹೃದಯ. ಡಾಕ್ಟರ್ ಬಂದಿದ್ರು, ಅವರೇ ಹೇಳಿದ್ರು."

ವಿಬೆಕೆ ನೆಲದ ಮೇಲೆ ಕುಳಿತುಬಿಟ್ಟಳು. ಅಳು ಬರಲಿಲ್ಲ. ಮೊಣಕಾಲು, ಭುಜ, ದವಡೆ ಒಂದೊಂದಾಗಿ ಸಡಿಲಾದವು. ಅವು ಬಿಗಿದುಕೊಂಡಿದ್ದುದೇ ಅವಳಿಗೆ ತಿಳಿದಿರಲಿಲ್ಲ. ಒಳಗೆ ಬಂದ ಸಹೋದ್ಯೋಗಿಗೆ ಅವಳು ನಗುತ್ತಿರುವಂತೆ ಕಂಡಿತು. ಅಮ್ಮ ಸತ್ತಳು ಎಂದು ಹೇಳಿದಾಗ ಆತ ಗಲಿಬಿಲಿಗೊಂಡ. ಆ ನಗುವನ್ನು ವಿಬೆಕೆ ನಾಲ್ಕು ದಿನ ಯಾರಿಗೂ ಹೇಳದೆ ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ತಿರುಗಿದ್ದಳು.

\*

ಶವಸಂಸ್ಕಾರದ ಹಿಂದಿನ ದಿನ ಅಡುಗೆಮನೆಯಲ್ಲಿ ಅಪ್ಪ ಮಗಳಿಗೆ ಮಾತಿಗೆ ಮಾತು ಬೆಳೆದಿತ್ತು. ಥೋರಾಗಿದ್ದ ಮನಸ್ಸಿನ ಕಾಯಿಲೆಯ ಹೆಸರನ್ನು ಚರ್ಚಿನಲ್ಲಿ ಹೇಳಲೇಬೇಕು ಎಂದು ಎಸ್ಕಿಲ್ ಪಾದ್ರಿಗೆ ತಿಳಿಸಿಬಿಟ್ಟಿದ್ದ. ಅದು ಅಮ್ಮನ ಖಾಸಗಿ ವಿಷಯ ಎಂದು ವಿಬೆಕೆ ವಾದಿಸಿದಳು.

"ಊರಿಗೆಲ್ಲ ಗೊತ್ತಿರೋದು ಹೆಂಗಮ್ಮ ಖಾಸಗಿ ಆಗುತ್ತೆ?"

"ಗೊತ್ತಿರೋದು ಬೇರೆ, ಪೆಟ್ಟಿಗೆ ಮುಂದೆ ನಿಂತು ಹೇಳೋದು ಬೇರೆ."

ಇಬ್ಬರಿಗೂ ತಿಳಿದಿತ್ತು, ವಾದ ಥೋರಾಳ ಬಗ್ಗೆ ಅಲ್ಲ. ಆಚೆ ಕೋಣೆಯಲ್ಲಿ ಲೀವಾ ಇದ್ದಳು. ಇಪ್ಪತ್ತಮೂರು ವರ್ಷ. ಹೋದ ಶರತ್ಕಾಲದಲ್ಲಿ ಕೋಪನ್‌ಹೇಗನ್ನಿನಲ್ಲಿ ಓದುತ್ತಿದ್ದಾಗ ಒಂಬತ್ತು ದಿನ ಹೆಚ್ಚುಕಡಿಮೆ ನಿದ್ದೆಯಿಲ್ಲದೆ, ಗೆಳೆಯರನ್ನೆಲ್ಲ ಸೇರಿಸಿ ಒಂದು ನಾಟಕ ಕಂಪನಿ, ಒಂದು ಪತ್ರಿಕೆ, ಒಂದು ಹಡಗುಯಾನ ಶುರುಮಾಡಿ, ಕೊನೆಗೆ ಆಸ್ಪತ್ರೆ ಸೇರಿದ್ದಳು. ಅಲ್ಲಿ ಅವಳಿಗೆ ಸಿಕ್ಕ ಹೆಸರು ಅಜ್ಜಿಯದೇ ಕಾಯಿಲೆಯ ಹೆಸರು. ಆಮೇಲೆ ಚಳಿಗಾಲವಿಡೀ ವಿಬೆಕೆಯ ಮನೆಯ ಸೋಫಾದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಒಂದು ದಿನ ಅವಳು ಗೋಡೆಗೇ ಹೇಳಿದ್ದಳು: "ನಾನು ಅಜ್ಜಿ ಆಗಲ್ಲ." ಜನವರಿಯಲ್ಲಿ ಮಾತ್ರೆ ನಿಲ್ಲಿಸಿದ್ದಳು. ಅಂದಿನಿಂದ ವಿಬೆಕೆ ಬಚ್ಚಲಿನ ನೀರಿನ ಸದ್ದಿಗೂ ಕಿವಿಗೊಡುತ್ತಿದ್ದಳು.

\*

ಥೋರಾ ಬಿರ್ಕೆಯ ಅಂಚೆಯವಳು. ನೂರಾ ಹನ್ನೊಂದು ಮನೆ, ಒಂದು ಸೈಕಲ್. ಅಂಚೆಚೀಲ ಮಧ್ಯಾಹ್ನದ ಫೆರ್ರಿಯಲ್ಲಿ ಬರುತ್ತಿತ್ತು, ಸಂಜೆಯೊಳಗೆ ಹಂಚಿ ಮುಗಿಯುತ್ತಿತ್ತು.

ವಿಬೆಕೆಗೆ ಏಳು ತುಂಬಿದ ವಸಂತದಲ್ಲಿ ಥೋರಾ ಮಲಗುವುದನ್ನು ಬಿಟ್ಟಳು. ಮೊದಮೊದಲು ಮನೆಗೆ ಹಬ್ಬ ಬಂದಂತಿತ್ತು. ಅಮ್ಮ ಹಾಡುತ್ತಿದ್ದಳು, ಪರದೆಗಳನ್ನೆಲ್ಲ ಹೊಸದಾಗಿ ಹೊಲಿದಳು, ಶಾಲೆಗೆ ಬಂದು ಮಕ್ಕಳನ್ನೆಲ್ಲ ಸಮುದ್ರಕ್ಕೆ ಕರೆದೊಯ್ದಳು. ಮೂರನೆಯ ವಾರದಲ್ಲಿ ಕಾಗದ ಬರೆಯತೊಡಗಿದಳು. ನೂರಾ ಹನ್ನೊಂದು ಮನೆಗೂ ಒಂದೊಂದು. ಬರೆದು, ಲಕೋಟೆಗೆ ಹಾಕಿ, ತಾನೇ ಹಂಚಿದಳು. ಚರ್ಚಿನ ಗೋಪುರಕ್ಕೆ ಹಳದಿ ಬಣ್ಣ ಯಾಕೆ ಬಳಿಯಬೇಕೆಂದು ಅಂದಿನ ಪಾದ್ರಿಗೆ ಹದಿನೇಳು ಪುಟ. ಬೇಕರಿಯವನಿಗೆ ಅವನ ರೊಟ್ಟಿಯ ಬಗ್ಗೆ. ಪಕ್ಕದ ಮನೆಯ ಯುಟ್ಟೆಗೆ, ಅವಳ ಗಂಡನಿಗೆ ಇನ್ನೊಬ್ಬಳಿದ್ದಾಳೆಂದು. ಎಷ್ಟೋ ಮನೆಗಳಲ್ಲಿ ಆ ವಾರ ಊಟದ ಮೇಜಿನಲ್ಲಿ ಯಾರೂ ಮಾತಾಡಲಿಲ್ಲ. ಎಸ್ಕಿಲ್ ಅವಳನ್ನು ತನ್ನದೇ ಫೆರ್ರಿಯಲ್ಲಿ ಕೂರಿಸಿಕೊಂಡು ಆಚೆ ದಡದ ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ಅವಳು ಪ್ರಯಾಣಿಕರ ಕೈ ಕುಲುಕುತ್ತಿದ್ದಳು.

ಬೇಸಿಗೆಯ ಕೊನೆಗೆ ವಾಪಸು ಬಂದವಳು ಬೇರೆ ಯಾರೋ. ತಲೆ ಬಾಚುವುದಿಲ್ಲ, ತಿನ್ನುವುದಿಲ್ಲ, ಕರೆದರೆ ತುಂಬ ದೂರದಿಂದ ಬಂದವಳಂತೆ ನಿಧಾನಕ್ಕೆ ತಿರುಗುವಳು. ಊರಿನವರು ಇದನ್ನು ನರಗಳ ತೊಂದರೆ ಎನ್ನುತ್ತಿದ್ದರು. ಅಂಚೆಚೀಲವನ್ನು ಎಸ್ಕಿಲ್ ತಂದು ಅಡುಗೆಮನೆಯ ಮೇಜಿನ ಮೇಲೆ ಸುರಿಯುವನು. ಜನ ಒಬ್ಬೊಬ್ಬರಾಗಿ ಬಂದು, ತಮ್ಮ ಕಾಗದವನ್ನೂ ಅಕ್ಕಪಕ್ಕದವರದನ್ನೂ ಆರಿಸಿಕೊಂಡು ಸದ್ದಿಲ್ಲದೆ ಹೋಗುವರು. ವಸಂತದಲ್ಲಿ ಅವಳ ಬೈಗುಳ ತಿಂದವರೂ ಬಂದರು. ಯಾರೊಬ್ಬರೂ ಆಚೆ ದಡದ ಕಚೇರಿಗೆ ದೂರು ಕೊಡಲಿಲ್ಲ.

ಅಕ್ಟೋಬರ್‌ನ ಒಂದು ಮಧ್ಯಾಹ್ನ ವಿಬೆಕೆ ಶಾಲೆಯಿಂದ ಬಂದಾಗ ಹಾಸಿಗೆ ಖಾಲಿಯಿತ್ತು. ಅಮ್ಮ ದಕ್ಕೆಯ ತುದಿಯಲ್ಲಿ, ರಾತ್ರಿಯುಡುಪಿನ ಮೇಲೆ ಕೋಟು ತೊಟ್ಟು ನೀರು ನೋಡುತ್ತ ನಿಂತಿದ್ದಳು. ಮಗು ಓಡಲಿಲ್ಲ, ಕೂಗಲಿಲ್ಲ. ಮೆಲ್ಲಗೆ ಹೋಗಿ ಕೈ ಹಿಡಿದು, "ಆಲೂಗಡ್ಡೆ ಬೆಂದಿದೆ ಅಮ್ಮ, ಆರೋಗ್ತಾ ಇದೆ," ಎಂದಳು. ಆಲೂಗಡ್ಡೆ ಬೆಂದಿರಲಿಲ್ಲ, ಸುಲಿದೂ ಇರಲಿಲ್ಲ. ಮನೆಗೆ ಬಂದಮೇಲೆ ಥೋರಾ ಖಾಲಿ ಪಾತ್ರೆಯನ್ನು ನೋಡಿದಳು, ಮಗಳನ್ನು ನೋಡಿದಳು, ಚಾಕು ತೆಗೆದುಕೊಂಡು ಸುಲಿಯಲು ಕುಳಿತಳು. ವಾರಗಳಲ್ಲಿ ಅವಳು ಮಾಡಿದ ಮೊದಲ ಕೆಲಸ ಅದು. ಸಂಜೆ ಎಸ್ಕಿಲ್‌ಗೆ ತಾನೇ ಹೇಳಿದಳು: ನನ್ನನ್ನು ಮತ್ತೆ ಆಸ್ಪತ್ರೆಗೆ ಕರಕೊಂಡು ಹೋಗು.

ಆ ಚಳಿಗಾಲದಲ್ಲಿ ಲಿಥಿಯಂ ಮಾತ್ರೆ ಶುರುವಾಯಿತು. ಕೈ ನಡುಗುತ್ತಿತ್ತು, ಬಾಯಾರಿಕೆ ಹೆಚ್ಚಾಯಿತು, ಮೈ ತುಂಬಿಕೊಂಡಿತು. ಮಾರ್ಚ್‌ನಲ್ಲಿ ಅವಳು ಸೈಕಲ್ ಹತ್ತಿ ನೂರಾ ಹನ್ನೊಂದು ಮನೆಗೂ ಹೋಗಿ ಬಾಗಿಲು ತಟ್ಟಿ ಕ್ಷಮೆ ಕೇಳಿದಳು. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಕ್ರೆಸ್ಟೆನ್ ಮಾತ್ರ ಬಾಗಿಲು ತೆರೆಯಲಿಲ್ಲ.

\*

ಪಾದ್ರಿ ಮೂರು ದ್ವೀಪ ನೋಡಿಕೊಳ್ಳುವ ಎಳೆಯ ಹೆಂಗಸು. ಚರ್ಚಿನಲ್ಲಿ ಆ ಹೆಸರು ಹೇಳುವ ಮೊದಲು ಒಮ್ಮೆ ಎಸ್ಕಿಲ್‌ನತ್ತ ನೋಡಿದಳು. ಅವನು ತಲೆಯಾಡಿಸಿದ.

"ಥೋರಾ ಅವರಿಗೆ ಬೈಪೋಲಾರ್ ಕಾಯಿಲೆ ಇತ್ತು," ಎಂದಳು. "ಮನಸ್ಸು ಹಿಡಿತಕ್ಕೆ ಸಿಗದಷ್ಟು ಏರುವ, ಆಮೇಲೆ ಹೇಳಲಾರದಷ್ಟು ಇಳಿಯುವ ಕಾಯಿಲೆ. ಅದು ಅವರ ಗುಣ ಅಲ್ಲ, ಕಾಯಿಲೆ. ಹಾಗಂತ ಹೇಳಿ ಅಂತ ಎಸ್ಕಿಲ್ ಹೇಳಿದ್ದಾರೆ. ಅವರು ಲೆಕ್ಕ ಹಾಕಿದ್ದಾರೆ. ಮೂರು ಸಲ ತುಂಬ ಏರಿದ್ರು. ಐದು ಸಲ ತುಂಬ ಇಳಿದ್ರು. ಎಲ್ಲ ಸೇರಿಸಿದ್ರೆ ನಾಲ್ಕು ವರ್ಷ. ಉಳಿದ ಕಾಲವೆಲ್ಲ ಅಂಚೆ ಹಂಚಿದ್ರು, ನಿವೃತ್ತರಾದ ಮೇಲೆ ರೂಬಾರ್ಬ್ ಬೆಳೆದ್ರು."

ವಿಬೆಕೆ ಕಾದಳು. ಏನೂ ಆಗಲಿಲ್ಲ. ಯಾರೋ ಕೆಮ್ಮಿದರು. ಪಕ್ಕದಲ್ಲಿ ಲೀವಾ ಪಾದ್ರಿಯನ್ನೇ ನೋಡುತ್ತಿದ್ದಳು, ತನ್ನ ಪರೀಕ್ಷೆಯ ಫಲಿತಾಂಶ ಓದುತ್ತಿದ್ದಾರೋ ಎಂಬಂತೆ. "ನಾಲ್ಕೇ ವರ್ಷವಾ?" ಎಂದು ಪಿಸುಗುಟ್ಟಿದಳು. "ನಾನು ಅಜ್ಜಿ ಯಾವಾಗ್ಲೂ ಹಾಗೇ ಇದ್ರು ಅಂದ್ಕೊಂಡಿದ್ದೆ."

ಯಾವಾಗಲೂ ಹಾಗೇ ಇದ್ದಳೆಂದು ವಿಬೆಕೆ ಕೂಡ ಅಂದುಕೊಂಡಿದ್ದಳು.

ಮಣ್ಣು ಹಾಕಿ ಜನ ಗೇಟಿನ ಕಡೆ ನಡೆದಾಗ ಎಸ್ಕಿಲ್ ಹಿಂದುಳಿದ. ವಿಬೆಕೆ ಅವನ ಜೊತೆ ನಿಂತಳು. ಮೇ ತಿಂಗಳ ಬಿಸಿಲು; ಗಾಳಿ ಕೂಡ ಅವತ್ತು ಸುಮ್ಮನಿತ್ತು.

"ನಿಂಗೊಂದು ಹೇಳ್ಬೇಕು," ಎಂದ ಎಸ್ಕಿಲ್. "ಡಾಕ್ಟರ್ ಹೃದಯ ಅಂದ್ರಲ್ಲ, ನಾನೇನು ಮಾಡ್ದೆ ಗೊತ್ತಾ? ಅವರ ಎರಡೂ ಕೈ ಹಿಡ್ಕೊಂಡು ಥ್ಯಾಂಕ್ಸ್ ಅಂದೆ. ಹೆಂಡ್ತಿ ಸತ್ತು ಒಂದು ಗಂಟೆ ಆಗಿಲ್ಲ. ಪಾಪ, ಅವರು ನನ್ನೇ ಒಂದು ಸಲ ಪರೀಕ್ಷೆ ಮಾಡೋಣ ಅಂತ ಕೂರಿಸಿದ್ರು."

ವಿಬೆಕೆ ಅವನ ಮುಖ ನೋಡಿದಳು.

"ನಲವತ್ತಾರು ವರ್ಷ ಬೆಳಿಗ್ಗೆ ಕಣ್ಣು ಬಿಡೋಕೆ ಮುಂಚೆ ಕೈ ಚಾಚಿ ಪಕ್ಕದಲ್ಲಿದ್ದಾಳಾ ಅಂತ ಮುಟ್ಟಿ ನೋಡ್ತಿದ್ದೆ," ಎಂದ ಅವನು. "ಇರ್ತಿದ್ಲು. ಪ್ರತಿದಿನಾನೂ ಇರ್ತಿದ್ಲು. ನಾನು ಗೆದ್ದೆ ಅಂತ ಅಲ್ಲ ಕಣಮ್ಮ. ಅವಳೇ ಗೆದ್ಲು."

"ಅಪ್ಪ, ನಾನು ನಕ್ಕುಬಿಟ್ಟೆ," ಎಂದಳು ವಿಬೆಕೆ. "ನೀನು ಫೋನ್ ಮಾಡಿದಾಗ. ಸ್ಕೂಲಲ್ಲಿ ನೆಲದ ಮೇಲೆ ಕೂತು ನಕ್ಕೆ."

"ನಂಗೆ ಕೇಳಿಸ್ತು," ಎಂದ ಎಸ್ಕಿಲ್. "ಒಳ್ಳೇದಾಯ್ತು ಅಂದ್ಕೊಂಡೆ."

ಆಗ ಅವಳಿಗೆ ಅಳು ಬಂತು. ಅಮ್ಮ ಸತ್ತದ್ದಕ್ಕೆ, ಎಲ್ಲರ ಅಮ್ಮಂದಿರು ಸತ್ತಾಗ ಬರುವಂಥ ಅಳು. ಅಪ್ಪನ ಕೋಟಿನ ತೋಳಿಗೆ ಮುಖ ಒತ್ತಿ ಅತ್ತಳು. ಅವನು ಅವಸರ ಮಾಡಲಿಲ್ಲ.

\*

ಆ ಏಪ್ರಿಲ್‌ನ ಈಸ್ಟರ್ ರಜೆಯಲ್ಲಿ ಲೀವಾ ಒಬ್ಬಳೇ ದ್ವೀಪಕ್ಕೆ ಬಂದಿದ್ದಳು. ಅಮ್ಮನ ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಬಂದದ್ದು. ಥೋರಾ ಅವಳನ್ನು ಏನೂ ಕೇಳಲಿಲ್ಲ. ಬಟಾಣಿ ಬಿತ್ತಲು ಮಣ್ಣು ಅಗೆಯಲು ಹಚ್ಚಿದಳು. ಎರಡನೆಯ ದಿನ ಲೀವಾ ತಾನಾಗಿಯೇ, ಮಾತ್ರೆ ಬಿಟ್ಟಿದ್ದೇನೆ ಎಂದಳು. ಥೋರಾ ಗುದ್ದಲಿ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು.

"ಅಜ್ಜಿ, ಆ ಏರಿದ ದಿನಗಳು ನೆನಪಾಗ್ತವಾ?"

"ಆಗ್ತವೆ. ದಿನಾ ಆಗ್ತವೆ."

"ಮತ್ತೆ ಯಾಕೆ ಮಾತ್ರೆ ತಗೋತೀರಿ?"

ಥೋರಾ ಯೋಚಿಸಿದಳು. ಲಿಥಿಯಂ ಮೂವತ್ತು ವರ್ಷದ ಮೇಲೆ ಅವಳ ಮೂತ್ರಪಿಂಡಕ್ಕೆ ಭಾರವಾಗಿ, ಈಗ ಹತ್ತು ವರ್ಷದಿಂದ ಬೇರೆ ಮಾತ್ರೆ. ಕೈನಡುಕ ಮಾತ್ರ ಉಳಿದಿತ್ತು.

"ಅಲ್ಲಿ ತುಂಬ ಬೆಳಕಿತ್ತು ಕಣೇ," ಎಂದಳು. "ಎಷ್ಟು ಬೆಳಕು ಅಂದ್ರೆ ಯಾರ ಮುಖಾನೂ ಕಾಣ್ತಿರ್ಲಿಲ್ಲ. ನಿಮ್ಮಮ್ಮಂಗೆ ಆಗ ಏಳು ವರ್ಷ. ಆ ವಸಂತದಲ್ಲಿ ಅವಳ ಮುಖ ಹೇಗಿತ್ತು ಅಂತ ನಂಗೆ ನೆನಪೇ ಇಲ್ಲ."

ಆಮೇಲೆ ಎಸ್ಕಿಲ್ ಜೊತೆ ಮಾಡಿಕೊಂಡ ಒಪ್ಪಂದದ ಬಗ್ಗೆ ಹೇಳಿದಳು: ಮೂರು ದಿನ ಸತತ ಐದು ಗಂಟೆಗಿಂತ ಕಡಿಮೆ ನಿದ್ದೆಯಾದರೆ, ತನ್ನನ್ನು ಕೇಳದೆ ಆಚೆ ದಡದ ನರ್ಸ್‌ಗೆ ಫೋನು ಮಾಡುವ ಹಕ್ಕು ಅವನಿಗೆ. ಚೆನ್ನಾಗಿದ್ದಾಗ ತಾನೇ ಬರೆದು ಸಹಿ ಹಾಕಿಕೊಟ್ಟದ್ದು.

"ಎಷ್ಟು ಸಲ ಮಾಡಿದ್ದಾರೆ?"

"ಏಳು ಸಲ. ಏಳು ಸಲಾನೂ ಬಾಯಿಗೆ ಬಂದ ಹಾಗೆ ಬೈದಿದ್ದೀನಿ." ಥೋರಾ ನಕ್ಕಳು. "ಐದು ಸಲ ಅವನು ಮಾಡಿದ್ದು ಸರಿ. ಎರಡು ಸಲ ನಾನು ಬರೀ ಖುಷಿಯಾಗಿದ್ದೆ. ಇರ್ಲಿ ಬಿಡು."

ಲೀವಾ ಓರ್ಹುಸ್‌ಗೆ ಮರಳಿದ ವಾರ ತಾನೇ ವೈದ್ಯರನ್ನು ಕಂಡಳು. ಮಾತ್ರೆ ಮತ್ತೆ ಶುರು ಮಾಡಿದ್ದನ್ನು ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅಮ್ಮ ದಿನಾ ಎಣಿಸುತ್ತಾಳೆ ಎಂದುಕೊಂಡಳು.

\*

ಊರಿನ ಸಭಾಭವನದಲ್ಲಿ ಕಾಫಿ, ಬೆಣ್ಣೆ ಹಚ್ಚಿದ ರೈ ಬ್ರೆಡ್ಡು, ಪದರು ಕೇಕು, ಬೇಕೆಂದವರಿಗೆ ಬಿಯರ್. ಮೊದಲ ಅರ್ಧ ಗಂಟೆ ಚಮಚಗಳ ಸದ್ದೇ ಹೆಚ್ಚಾಗಿತ್ತು. ಪಾದ್ರಿ ಕಾಯಿಲೆಯ ಹೆಸರು ಹೇಳಿಬಿಟ್ಟಿದ್ದಳು, ಜನರಿಗೆ ಇನ್ನು ಬಚ್ಚಿಡುವುದು ಏನೂ ಉಳಿದಿರಲಿಲ್ಲ. ನಿಧಾನವಾಗಿ ಮಾತು ಆ ವಸಂತದ ಕಾಗದಗಳಿಗೆ ಬಂತು. ಯಾರು ಯಾರಿಗೆ ಏನೇನು ಬಂದಿತ್ತೆಂದು ನಲವತ್ತಾರು ವರ್ಷದ ಮೇಲೆ ಮೊದಲ ಸಲ ಒಬ್ಬರಿಗೊಬ್ಬರು ಹೇಳಿಕೊಂಡರು.

"ನನ್ನ ಗಂಡನಿಗೆ ಇನ್ನೊಬ್ಬಳಿದ್ದಾಳೆ ಅಂತ ಬರೆದಿದ್ಲು," ಎಂದಳು ಯುಟ್ಟೆ. "ಪಾಪ ಅವನಿಗೆ ನಾನೊಬ್ಳೇ ಹೆಚ್ಚಾಗಿದ್ದೆ."

ನಗು ಇಳಿದ ಮೇಲೆ ಕ್ರೆಸ್ಟೆನ್ ಗಂಟಲು ಸರಿಮಾಡಿಕೊಂಡ. ಅವನು ಹೆಚ್ಚು ಮಾತಿನವನಲ್ಲ. ಜಗಳವಾಡಿ ಊರು ಬಿಟ್ಟ ತಮ್ಮನ ಕಾಗದಗಳನ್ನು ತಾನು ಒಡೆಯದೆ ಒಲೆಗೆ ಹಾಕುತ್ತಿದ್ದೆನೆಂದೂ, ಅದು ಥೋರಾಗೆ ಹೇಗೋ ತಿಳಿದಿತ್ತೆಂದೂ ಹೇಳಿದ.

"'ನಿನ್ನ ತಮ್ಮನ ಅಕ್ಷರ ವರ್ಷದಿಂದ ವರ್ಷಕ್ಕೆ ಹೆಚ್ಚು ನಡುಗ್ತಾ ಇದೆ, ಲಕೋಟೆ ಮೇಲೆ ನೋಡಿದ್ದೀನಿ' ಅಂತ ಬರೆದಿದ್ಲು. ಇವಳಿಗ್ಯಾಕೆ ಅಂತ ಸಿಟ್ಟು ಬಂತು. ನಾಲ್ಕು ವರ್ಷ ಮಾತು ಬಿಟ್ಟೆ. ಆದ್ರೆ ಮುಂದಿನ ಕಾಗದ ಒಡೆದೆ." ಅವನು ಬಟ್ಟಲನ್ನು ತಟ್ಟೆಯ ಮೇಲೆ ತಿರುಗಿಸಿದ. "ಅವನನ್ನ ನೋಡಿ ಬಂದೆ. ಎಂಟು ತಿಂಗಳು ಬದುಕಿದ್ದ ಆಮೇಲೆ. ಅವಳಿಗೆ ಹೇಳ್ಬೇಕು ಹೇಳ್ಬೇಕು ಅಂತಿದ್ದೆ, ಹೇಳ್ಲಿಲ್ಲ. ಅದಕ್ಕೇ ಇವತ್ತು ಹೊತ್ತೆ."

"ಬೇರೆ ನೂರಹತ್ತು ಮನೇಲಿ ಬರೀ ಗಲಾಟೆ ಮಾಡಿದ್ಲು," ಎಂದ ಎಸ್ಕಿಲ್. "ಅದನ್ನೂ ಸೇರಿಸಿ ಹೇಳು. ಇಲ್ಲಾಂದ್ರೆ ಕಾಯಿಲೆ ಒಳ್ಳೇದು ಅಂದ್ಕೊಂಡಾರು."

ಯುಟ್ಟೆ ಲೀವಾಳ ಕಡೆ ತಿರುಗಿ, ನೀನು ಈಗೇನು ಮಾಡ್ತಿದ್ದೀ ಮಗು ಎಂದು ಕೇಳಿದಳು. ವಿಬೆಕೆ ಬಾಯಿ ತೆರೆದಳು. ಓದಿಗೆ ಸ್ವಲ್ಪ ಬಿಡುವು ಎಂಬ ಉತ್ತರ ಆರು ತಿಂಗಳಿಂದ ಅವಳ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

"ನಂಗೂ ಅಜ್ಜಿಗಿದ್ದ ಕಾಯಿಲೇನೇ," ಎಂದಳು ಲೀವಾ. "ಈಗ ಮಾತ್ರೆ ತಗೋತಿದ್ದೀನಿ. ಆರು ವಾರ ಆಯ್ತು."

ಯುಟ್ಟೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಗಾದ್ರೆ ಇನ್ನೊಂದು ತುಂಡು ಕೇಕ್ ತಿನ್ನು," ಎಂದಳು. "ಆ ಮಾತ್ರೆಗೆ ಖಾಲಿ ಹೊಟ್ಟೆ ಆಗಲ್ಲ. ಥೋರಾಗೂ ನಾನೇ ಹೇಳ್ತಿದ್ದೆ." ದೊಡ್ಡ ತುಂಡೊಂದನ್ನು ಅವಳ ತಟ್ಟೆಗೆ ಹಾಕಿ, ಬೇಕರಿಯವನ ಮಗನ ಮದುವೆಯ ವಿಷಯ ತೆಗೆದಳು.

ವಿಬೆಕೆ ಮಗಳನ್ನು ನೋಡಿದಳು. ಆರು ವಾರ ಎಂದು ಬಾಯಿಯಲ್ಲೇ ಹೇಳಿಕೊಂಡಳು. ಲೀವಾ ಕೇಕು ತಿನ್ನುತ್ತ ಅಮ್ಮನಿಗೆ ಮೊಣಕೈಯಿಂದ ಮೆಲ್ಲಗೆ ತಿವಿದಳು.

ಐದರ ಫೆರ್ರಿಗೆ ಹೊರಡುವ ಹೊತ್ತಿಗೆ ಲೀವಾ, ತಾನು ಬೇಸಿಗೆ ಮುಗಿಯುವವರೆಗೆ ಅಜ್ಜನ ಜೊತೆ ಇರುವುದಾಗಿ ಹೇಳಿದಳು. ವಿಬೆಕೆಗೆ ಕೂಡಲೇ ನೂರು ಪ್ರಶ್ನೆಗಳು ಬಂದವು. ನಿದ್ದೆ, ರಕ್ತಪರೀಕ್ಷೆ, ಯಾರು ನೋಡಿಕೊಳ್ಳುವುದು.

"ನಲವತ್ತಾರು ವರ್ಷದ ಅನುಭವ ಇದೆ ನಂಗೆ," ಎಂದ ಎಸ್ಕಿಲ್. "ಶುಕ್ರವಾರದಿಂದ ಕೆಲಸ ಇಲ್ದೆ ಕೂತಿದ್ದೀನಿ."

"ನಂಗೆ ಕಾವಲು ಬೇಡ ಅಜ್ಜ."

"ನಿಂಗಲ್ಲ. ನಂಗೆ ಬೇಕು."

ಫೆರ್ರಿ ದಕ್ಕೆ ಬಿಟ್ಟಾಗ ವಿಬೆಕೆ ಮೇಲಿನ ಅಟ್ಟದಲ್ಲಿ ನಿಂತು ಕೈ ಬೀಸಿದಳು. ದಕ್ಕೆಯ ಮೇಲೆ ಅಜ್ಜ ಮೊಮ್ಮಗಳು ಆಗಲೇ ಏನನ್ನೋ ಕುರಿತು ವಾದಿಸುತ್ತಿದ್ದರು. ಎಸ್ಕಿಲ್ ಕೈ ಆಡಿಸಿ ಏನೋ ತೋರಿಸುತ್ತಿದ್ದ, ಲೀವಾ ತಲೆ ಅಲ್ಲಾಡಿಸುತ್ತಿದ್ದಳು. ಇಬ್ಬರಲ್ಲಿ ಒಬ್ಬರೂ ಹಡಗಿನ ಕಡೆ ನೋಡಲಿಲ್ಲ.

ಅವರು ಇನ್ನೂ ಅಲ್ಲಿರುವಾಗಲೇ ವಿಬೆಕೆ ಒಳಗೆ ಹೋದಳು. ಕಿಟಕಿಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕುಳಿತು, ಬೆಳಿಗ್ಗೆಯಿಂದ ಕಚ್ಚುತ್ತಿದ್ದ ಕಪ್ಪು ಬೂಟುಗಳನ್ನು ಕಳಚಿ, ಕಾಲು ಚಾಚಿದಳು.